ಬೋರಿಂಗ್ ಬಿಚ್ಚಿದ ಕೆಂಪವ್ವ

ಕೆಂಪವ್ವ ಅಥಣಿಗೆ ಹೊಲಿಗೆ ಕಲಿಯಲು ಹೋಗಿದ್ದಾಳೆಂದೇ ಅವಳ ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ನಿಜ ಹೇಳಲು ಮುದುಕಿಗೆ ನಾಚಿಕೆ. ತರಬೇತಿಗೆ ಹೆಸರು ಬರೆದುಕೊಳ್ಳಲು ಅದನ್ನು ನಡೆಸುವ ಸಂಸ್ಥೆಯ ಅಕ್ಕುತಾಯಿ ಬಾಯಾರು ಬಂದಾಗ ಹೊಲಿಗೆಗೆ ಮುಗಿಬಿದ್ದವರಿದ್ದರು, ಹಪ್ಪಳ ಸಂಡಿಗೆಗೂ ಇದ್ದರು. ಬೋರಿಂಗ್, ಅಂದರೆ ಕೈಪಂಪಿನ ರಿಪೇರಿಯ ಹಾಳೆ ಮಾತ್ರ ಖಾಲಿ ಉಳಿದಿತ್ತು.

"ಅದರಾಗ ನನ್ನ ಹೆಸರ ಬರೀರಿ ಬಾಯಾರ," ಎಂದಿದ್ದಳು ಕೆಂಪವ್ವ. "ಅಂಗಿ ಹರದ್ರ ತ್ಯಾಪಿ ಹಚ್ಚಬೌದು. ಬೋರಿಂಗ್ ಕೆಟ್ರ ಏನ ಕುಡ್ಯೂದ್ರಿ?"

ಅದು ತೊಂಬತ್ತೊಂದನೆಯ ಇಸವಿ. ಐಗಳಿಯ ಆಚೆ, ಕುರಿ ಸಾಕುವವರ ಇಪ್ಪತ್ತು ಮನೆಗಳ ವಸ್ತಿ ಅವಳದು. ಗಂಡ ಮಲಕಾರಿ ವರ್ಷದಲ್ಲಿ ಅರ್ಧ ಕಾಲ ಕುರಿಹಿಂಡಿನ ಸಂಗಡ ಹೊಳೆಸಾಲಿನಲ್ಲೇ ಇರುತ್ತಿದ್ದ. ಮನೆ, ಎರಡು ಹೆಣ್ಣುಮಕ್ಕಳು, ಅತ್ತೆ, ನೀರು, ಎಲ್ಲ ಅವಳ ತಲೆಯ ಮೇಲೆ.

ತರಬೇತಿ ಹದಿನೈದು ದಿನದ್ದು. ಮೂರನೆಯ ದಿನವೇ ಪೈಪು ಜಾರಿ ಹೆಬ್ಬೆರಳಿನ ಉಗುರು ಕಿತ್ತುಬಂತು. ಅರಿಷಿಣ ಮೆತ್ತಿ, ಚಿಂದಿ ಸುತ್ತಿ ಮತ್ತೆ ನಟ್ಟು ಬಿಚ್ಚುವ ಪಾನಾ ಹಿಡಿದಳು. ಕಲಿಸುತ್ತಿದ್ದ ಭರಮು ಮಿಸ್ತ್ರಿ ದಿನಕ್ಕೆ ಹತ್ತು ಸಲ ಒಂದೇ ಮಾತು ಹೇಳುತ್ತಿದ್ದ: "ಮ್ಯಾಲಿನ ಪೈಪ ಬಿಚ್ಚಬೇಕಾದ್ರ ಕೆಳಗಿನದಕ್ಕ ಹಾಕಿದ ಚಿಮಟಾ ಬಿಗಿ ಇರಬೇಕು. ಅದು ಸಡ್ಲ ಆತಂದ್ರ ಎಲ್ಲಾ ಪಾತಾಳಕ್ಕ ಹೋಗ್ತೈತಿ."

ಅವಳು ತರಬೇತಿಯಲ್ಲಿ ಕೊಟ್ಟ ರಿಪೇರಿ ಸಾಮಾನಿನ ಚೀಲ ಹೊತ್ತು ಊರಿಗೆ ಬಂದ ತಿಂಗಳೊಪ್ಪತ್ತಿಗೆ ವಸ್ತಿಯ ಬೋರಿಂಗ್ ಕೆಟ್ಟಿತು. ಎಷ್ಟು ಜಗ್ಗಿದರೂ ಹನಿ ನೀರಿಲ್ಲ. ಕೆಳಗಿನ ಚರ್ಮದ ವಾಸರು ಸವೆದಿದೆಯೆಂದು ಕೆಂಪವ್ವನಿಗೆ ಹಿಡಿಕೆ ಮುಟ್ಟಿದ ಕೂಡಲೇ ತಿಳಿಯಿತು. ಆದರೆ ದ್ರಾಕ್ಷಿತೋಟದ ಸಾವಕಾರ ಧರೆಪ್ಪ ಬಿಡಲಿಲ್ಲ.

"ಹೆಂಗಸರು ಬಿಚ್ಚಿ ಪೈಪ ಒಳಗ ಬಿದ್ರ ಯಾರ ಜವಾಬ್ದಾರಿ? ತಾಲೂಕಿನ ಗಾಡಿ ಬರತೈತಿ, ತಡೀರಿ."

ಹನ್ನೊಂದು ದಿನವಾದರೂ ಗಾಡಿ ಬರಲಿಲ್ಲ. ವಸ್ತಿಯ ಹೆಂಗಸರು ಕೊಡ ಹೊತ್ತು ಧರೆಪ್ಪನ ತೋಟಕ್ಕೇ ಹೋಗಬೇಕಾಯಿತು. ಮೊದಲೆರಡು ದಿನ ಅವನು ಸುಮ್ಮನಿದ್ದ. ಮೂರನೆಯ ದಿನದಿಂದ, "ಹೆಂಗೂ ಬಂದೀರಿ, ನಾಕ ಸಾಲ ಕಳೆ ತಗದ ನೀರ ಒಯ್ರಿ" ಎನ್ನತೊಡಗಿದ. ಕಳೆ ತೆಗೆಯುವವರೆಗೆ ಮೋಟರು ಚಾಲೂ ಆಗುತ್ತಿರಲಿಲ್ಲ. ಬಸುರಿಯರೂ ಬಗ್ಗಿದರು.

ಹನ್ನೆರಡನೆಯ ದಿನ ಮುಂಜಾನೆ, ಬಳ್ಳಿಗಳ ನಡುವೆ ಬಗ್ಗಿದ್ದ ಕೆಂಪವ್ವ ಥಟ್ಟನೆ ಎದ್ದು ನಿಂತಳು. ಕೈಯಲ್ಲಿದ್ದ ಕಳೆಯನ್ನು ಧರೆಪ್ಪನ ಕಾಲ ಬಳಿ ಚೆಲ್ಲಿದಳು.

"ನಿಮ್ಮ ನೀರ ನಿಮಗ ಇರಲ್ರಿ ಸಾವಕಾರ್ರ. ನಮ್ಮ ನೀರ ನಾವ ತಕ್ಕೋತೇವಿ."

ಖಾಲಿ ಕೊಡ ಎತ್ತಿಕೊಂಡು ನಡೆದೇಬಿಟ್ಟಳು. ಹಿಂದೆ ತಿರುಗಿ ನೋಡುವ ಧೈರ್ಯ ಅವಳಿಗಿರಲಿಲ್ಲ. ಯಾರೂ ಬಾರದಿದ್ದರೆ? ಅಷ್ಟರಲ್ಲಿ ಬೆನ್ನ ಹಿಂದೆ ನೆರೆಮನೆಯ ರಾಮವ್ವನ ದನಿ ಕೇಳಿಸಿತು: "ಏ ಕೆಂಪಿ, ಸಾವಕಾಶ ನಡಿ ಬೇ, ನಾನೂ ಬಂದ್ನಿ." ರಾಮವ್ವನ ಹಿಂದೆ ಇನ್ನೂ ಒಂಬತ್ತು ಕೊಡಗಳು ಬರುತ್ತಿದ್ದವು.

ವಸ್ತಿಯ ಬೋರಿಂಗಿನ ಬಳಿ ಸೀರೆ ಕಚ್ಚೆ ಹಾಕಿ ಕೆಲಸಕ್ಕೆ ನಿಂತರು. ಒಂದೊಂದು ಪೈಪು ಮೇಲೆ ಬಂದಾಗಲೂ ನಾಲ್ವರು ಹೆಗಲು ಕೊಟ್ಟರು. ಏಳನೆಯ ಪೈಪು ಅರ್ಧ ಬಂದಿರುವಾಗ ಧರೆಪ್ಪ ಬಂದ. ಹಿಂದಿನ ಸಂಜೆಯಷ್ಟೇ ಊರಿಗೆ ಮರಳಿದ್ದ ಮಲಕಾರಿಯನ್ನೂ ಕರೆತಂದಿದ್ದ.

"ನಿನ್ನ ಹೇಣ್ತಿ ಏನ ಮಾಡಾಕತ್ತಾಳ ನೋಡೋ. ಬಿಡಸಲೇ ಮದಲ!"

ಕೆಂಪವ್ವ ತಲೆ ಎತ್ತಲಿಲ್ಲ. ಚಿಮಟಾ ಇನ್ನಷ್ಟು ಒತ್ತಿ ಹಿಡಿದಳು. "ಬಿಡ್ತೇನ್ರಿ. ನಾ ಈಗ ಕೈ ಬಿಟ್ರ ಇದ್ದಬಿದ್ದ ಪೈಪೆಲ್ಲಾ ಒಳಗ ಹೋಗ್ತಾವು. ಬಿಡು ಅಂತ ಎಲ್ಲಾರ ಮುಂದ ಇನ್ನೊಮ್ಮೆ ಹೇಳ್ರಿ, ಬಿಟ್ಟಬಿಡ್ತೇನಿ."

ಧರೆಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಉಳಿದ ಹತ್ತು ಜನ ಹೆಂಗಸರು ಅವನ ಮುಖವನ್ನೇ ನೋಡುತ್ತಿದ್ದರು. ಮಲಕಾರಿ ರುಮಾಲು ಬಿಚ್ಚಿ ಬೆವರು ಒರೆಸಿಕೊಂಡ.

"ನನಗ ಕುರಿ ತಿಳೀತಾವ್ರಿ ಸಾವಕಾರ್ರ," ಎಂದ ಮೆಲ್ಲಗೆ. "ಇದು ಆಕೀಗಷ್ಟ ತಿಳಿತೈತಿ." ಮುಂದೆ ಬಂದು ಪೈಪಿಗೆ ಕೈ ಹಾಕಿದ.

"ಅಲ್ಲಲ್ರಿ, ಇನ್ನೂ ಕೆಳಗ ಹಿಡೀರಿ," ಎಂದಳು ಕೆಂಪವ್ವ. ಹತ್ತು ಮಂದಿಯೆದುರು ಗಂಡನಿಗೆ ಹೀಗೆ ಹೇಳಿದ್ದು ಅದೇ ಮೊದಲು. ಅವನು ಕೆಳಗೆ ಹಿಡಿದ.

ಹೊಸ ವಾಸರು ಹಾಕಿ, ಪೈಪುಗಳನ್ನೆಲ್ಲ ಇಳಿಸುವ ಹೊತ್ತಿಗೆ ಹೊತ್ತು ನೆತ್ತಿ ದಾಟಿತ್ತು. ರಾಮವ್ವ ಹಿಡಿಕೆ ಜಗ್ಗಿದಳು. ಮೂವತ್ತು ಸಲ ಬರೀ ಗಾಳಿ. ಆಮೇಲೆ ಕೆಂಪು ನೀರು ಉಗುಳಿತು. ಆಮೇಲೆ ತಿಳಿನೀರು. ಅತ್ತೆ ಬೊಗಸೆ ತುಂಬ ಹಿಡಿದು ಕುಡಿದು, ಒದ್ದೆ ಕೈಯಿಂದ ಸೊಸೆಯ ಕೆನ್ನೆಯ ಮೇಲಿನ ಗ್ರೀಸು ಒರೆಸಿದಳು.

ಮಳೆಗಾಲ ಮುಗಿಯುವಾಗ ಧರೆಪ್ಪನ ಮನೆಯ ಮುಂದಿನ ಬೋರಿಂಗೂ ನಿಂತಿತು. ಆಳಿನ ಕೈಯಲ್ಲಿ, ಹಿತ್ತಲ ಕಡೆಯಿಂದ ಬಂದು ಸರಿಮಾಡಿ ಹೋಗಲಿ ಎಂದು ಹೇಳಿಕಳಿಸಿದ. ಕೆಂಪವ್ವ ಹೋಗಲಿಲ್ಲ. ಎರಡನೆಯ ದಿನ ಧರೆಪ್ಪ ತಾನೇ ಬಂದು ಅವಳ ಬಾಗಿಲಲ್ಲಿ ನಿಂತ.

"ಬಾರವ್ವಾ, ಒಂದೀಟ ನೋಡ."

"ಬರ್ತೇನ್ರಿ," ಎಂದಳು. "ಆದ್ರ ಬರೂದು ಮುಂದಿನ ಬಾಗಲ್ಲೆ. ನನ್ನ ಸಂಗಾಟ ರಾಮವ್ವನೂ ಬರ್ತಾಳ, ಆಕೀಗೂ ಕಲಸಾಕತ್ತೇನಿ."

ಧರೆಪ್ಪ ಹೂಂ ಎಂದ. ಕೆಂಪವ್ವ, ರಾಮವ್ವ ಇಬ್ಬರೂ ಚೀಲದ ಒಂದೊಂದು ಕಿವಿ ಹಿಡಿದು, ಊರ ನಡುವಿನ ದಾರಿ ಹಿಡಿದರು. ಕಟ್ಟೆಯ ಮೇಲೆ ಕೂತ ಗಂಡಸರು ಕಾಲು ಮಡಚಿಕೊಂಡು ದಾರಿ ಬಿಟ್ಟರು.