ಮೂಲೆಯ ಮಡಿ

ನಿಂತಿತು, ಪಕ್ಕದ ಮನೆಯ ಗೌರವ್ವನ ಮಗ್ಗ ನಿಂತಿತು, ಅಂದರೆ ಕರೆಂಟು ಹೋಯಿತು, ಅಂದರೆ ಮಧ್ಯಾಹ್ನವಾಯಿತು, ಖಾನಾಪುರದ ಬಸ್ಸು ಇಷ್ಟೊತ್ತಿಗೆ ಸ್ಟ್ಯಾಂಡಿಗೆ ಬಂದಿರಬೇಕು, ಪ್ರಮಿಳಾ ಇಳಿದಿರಬೇಕು, ಇಲ್ಲ, ಇನ್ನೂ ಇಳಿದಿರಲಿಕ್ಕಿಲ್ಲ, ಆ ಬಸ್ಸು ಯಾವತ್ತು ಹೇಳಿದ ಹೊತ್ತಿಗೆ ಬಂದಿದೆ, ದೇವರೇ ಇವತ್ತೂ ಬಾರದಿರಲಿ — ನಾನು ಹಿತ್ತಲಲ್ಲಿ ಕೊಡ ಹಿಡಿದು ನಿಂತಿದ್ದೇನೆ, ನೀರು ಹಾಕಲೋ ಬೇಡವೋ, ಹಾಕಿದರೆ ಉಳಿದಾವೋ ಇನ್ನಷ್ಟು ಸುಟ್ಟಾವೋ, ಬದನೆಯ ಸಸಿಗಳು ತಲೆ ಚೆಲ್ಲಿ ಮಲಗಿವೆ, ಮೆಣಸಿನವು ಅಂಚಿನಿಂದ ಕಂದಿ ಒಳಕ್ಕೆ ಸುರುಳಿಯಾಗಿವೆ, ಟೊಮೇಟೊ ಹೇಳುವುದೇ ಬೇಡ. ಹೋಗುವಾಗ ಏನು ಹೇಳಿದ್ದಳು, ಹೊಸ್ತಿಲ ಮೇಲೆ ನಿಂತು, ಚೀಲ ಹೆಗಲಿಗೆ ಹಾಕಿಕೊಂಡು, ನೀರಷ್ಟ ಹಾಕ್ರಿ, ಮತ್ತೇನೂ ಮಾಡಬ್ಯಾಡ್ರಿ. ಅಷ್ಟೇ. ತಮ್ಮನ ನಿಶ್ಚಯಕ್ಕೆ ತವರಿಗೆ ಹೋಗುವವಳು ಅದೊಂದೇ ಮಾತು ಹೇಳಿ ಹೋದಳು, ಅದೊಂದೇ ಮಾತನ್ನು ನಾನು ಕೇಳಲಿಲ್ಲ. ಯಾಕೆ ಕೇಳಲಿಲ್ಲ, ಕುರುಬರ ಪೈಕಿ ಹುಟ್ಟಿದವನಿಗೆ ಗೊಬ್ಬರ ಗೊತ್ತಿಲ್ಲವೇ ಎಂಬ ಸೊಕ್ಕು, ಬೇರೇನಲ್ಲ. ಊರಿನವರೆಲ್ಲ ಅಪ್ಪನ ಕಾಲು ಹಿಡಿಯುತ್ತಿದ್ದರು, ನಮ್ಮ ಹೊಲದಾಗ ಒಂದ ರಾತ್ರಿ ಕುರಿ ನಿಲ್ಲಸ್ರಿ ಅಂತ, ಕುರಿ ಮಲಗಿ ಎದ್ದ ಹೊಲದ ಜೋಳ ಆಳೆತ್ತರ ಬರುತ್ತಿತ್ತು, ಅಪ್ಪ ಮೀಸೆ ತಿರುವುತ್ತಿದ್ದ — ಆದರೆ ಅದು ಬೇಸಿಗೆಯಲ್ಲಿ ನಿಲ್ಲಿಸಿದ್ದು, ಮೇಲೆ ಮಳೆ ಬಿದ್ದು, ಕಾವು ಇಳಿದು, ಆಮೇಲೆ ಬಿತ್ತನೆ, ನಡುವಿನ ಆ ಮಳೆಯನ್ನೇ ನಾನು ಮರೆತೆ. ಹಸಿ ಹಿಕ್ಕಿ ತಂದು ಒಂದೊಂದು ಸಸಿಯ ಬುಡಕ್ಕೂ ಬೊಗಸೆ ಬೊಗಸೆ ಸುರಿದೆ, ಬಂದವಳು ನೋಡಿ ಏನಾದರೂ ಅನ್ನಲಿ ಅಂತ, ಒಂದು ಮಾತು, ಎಷ್ಟು ಚೆಂದ ಬೆಳದಾವರೀ ಅಂತಲೋ, ಅಷ್ಟೂ ಬೇಡ, ಹೂಂ ಅಂದರೂ ಸಾಕಿತ್ತು.

ಯಾಕೆಂದರೆ ಮಳೆಗಾಲದಿಂದ ಅವಳು ಮಾತು ಬಿಟ್ಟಿದ್ದಳು, ಜಗಳವಾಡಿ ಬಿಟ್ಟದ್ದಲ್ಲ, ಉಣ್ಣು ಅಂದರೆ ಉಣ್ಣುವಳು, ಮಲಗು ಅಂದರೆ ಮಲಗುವಳು, ಅಷ್ಟೇ. ಕೂಸಿಗೆ ಹುಟ್ಟುವಾಗಲೇ ಉಸಿರಿರಲಿಲ್ಲ. ಹೆಣ್ಣು ಕೂಸು. ಆಸ್ಪತ್ರೆಯಲ್ಲಿ ಬಟ್ಟೆ ಸುತ್ತಿ ನನ್ನ ಕೈಗೆ ಕೊಟ್ಟರು, ಹೊರಗೆ ಧೋ ಧೋ ಮಳೆ, ಅಣ್ಣ ಮಾಯಪ್ಪ ಟೆಂಪೊ ತಂದಿದ್ದ, ಖಾನಾಪುರ ದಾಟಿ ಅವನ ಹೊಲಕ್ಕೆ ಹೋದೆವು, ಅವನೇ ಗುದ್ದಲಿ ಹಿಡಿದ, ನಾನು ಒಂದು ಹಿಡಿ ಮಣ್ಣು ಹಾಕಿದೆ, ಅಣ್ಣ ಭುಜ ಹಿಡಿದು ತಿರುಗಿಸಿದ, ನಡಿ ತಮ್ಮಾ, ಹಿಂದ ತಿರುಗಿ ನೋಡಬಾರದು. ಹಿರಿಯರು ಹಾಕಿಕೊಟ್ಟ ರೀತಿ, ನೋಡಲಿಲ್ಲ. ಹಡೆದವಳು ಬರಲೇಬಾರದು, ಅವಳು ಬರಲಿಲ್ಲ. ವಾರದ ಮೇಲೆ ಪ್ರಮಿಳಾ ಕೇಳಿದಳು, ಎಲ್ಲಿ ಇಟ್ಟೀರಿ. ಅಣ್ಣನ ಹೊಲದಾಗ. ಹೊಲದಾಗ ಎಲ್ಲಿ. ಬದುವಿನ ಮಗ್ಗುಲಿಗೆ ಅಂದೆ, ಬೇವಿನ ಗಿಡದ ಕೆಳಗೆ ಅಂದೆ, ಅದು ಬೇವೋ ಜಾಲಿಯೋ, ಮಳೆಯಲ್ಲಿ ಏನು ಕಂಡಿತ್ತು ನನಗೆ, ನೋಡಬಾರದು ಅಂದಮೇಲೆ ನೋಡಿರಲೇ ಇಲ್ಲವಲ್ಲ. ನನ್ನ ಮುಖ ನೋಡಿದಳು, ಗೊತ್ತಾಯಿತು ಅವಳಿಗೆ, ಅಲ್ಲಿಂದ ಬಾಯಿ ಮುಚ್ಚಿತು. ದೀಪಾವಳಿ ಮುಗಿದ ಮೇಲೆ ಒಂದು ದಿನ ಎರಕದ ಕೆಲಸ ಮುಗಿಸಿ ಫೌಂಡ್ರಿಯಿಂದ ಬಂದು ಮುಖ ತೊಳೆಯುತ್ತಿದ್ದೇನೆ, ಹಿತ್ತಲಿನಿಂದ ದನಿ, ರೀ, ಚಳಿಗಾಲದಾಗ ಬಿಸಲ ಯಾ ಕಡಿಂದ ಬೀಳತೈತ್ರಿ. ನನ್ನ ಕಣ್ಣಿಗೆ ಸಾಬೂನು ಹೋಯಿತು, ಹೋದರೆ ಹೋಗಲಿ, ಓಡಿ ಹೋದೆ, ಈ ಕಡಿಂದ ಅಂದೆ, ಆಮೇಲೆ ಅಲ್ಲ ಆ ಕಡೆಯಿಂದ ಅಂದೆ, ಅವಳು ಸ್ವಲ್ಪ ನಕ್ಕಳು, ನಕ್ಕಳೇ, ನನಗೆ ಹಾಗೆ ಕಂಡಿತೇ.

ವಡಗಾವಿಯ ಈ ಹಿತ್ತಲು ಬರೀ ಕಲ್ಲು, ಗುದ್ದಲಿ ಹೊಡೆದರೆ ಕೈ ಜುಮ್ಮೆನ್ನುತ್ತದೆ, ಅದಕ್ಕೇ ಮಣ್ಣು ಮೇಲೇರಿಸಿ ಮಡಿ ಮಾಡೂಣು ಅಂದಳು. ಒಡೆದ ಇಟ್ಟಿಗೆ, ಹಳೆಯ ಹಂಚು ಸುತ್ತ ನಿಲ್ಲಿಸಿದಳು, ಒಳಗೆ ಒಣಗಿದೆಲೆ, ಬೂದಿ, ಕೆಂಪು ಮಣ್ಣು, ಗೂಟಗಳಿಗೆ ಗೌರವ್ವನ ಮಗ್ಗದ ರದ್ದಿ ನೂಲು ಕಟ್ಟಿ ಗೆರೆ ಎಳೆದಳು, ಎತ್ತರ ಬೆಳೆಯುವ ಟೊಮೇಟೊ ಗೋಡೆಯ ಕಡೆ, ಅದರ ಮುಂದೆ ಬದನೆ, ಮೆಣಸು, ಎಲ್ಲಕ್ಕಿಂತ ಮುಂದೆ ಮೆಂತೆ ಕೊತ್ತಂಬರಿ, ಒಂದರ ನೆರಳು ಇನ್ನೊಂದರ ಮೇಲೆ ಬೀಳಬಾರದಂತೆ. ನಡುವೆ ಕಾಲಿಡಲು ದಾರಿ. ಮಡಿಯೊಳಗೆ ಕಾಲಿಡಬ್ಯಾಡ್ರಿ, ಮಣ್ಣ ಗಟ್ಟಿ ಆಗತೈತಿ. ಇಡಲಿಲ್ಲ, ಆ ಮಾತು ಕೇಳಿದೆನಲ್ಲ, ಅದನ್ನಾದರೂ ಜಮಾ ಹಿಡಿಯಲಿ. ಮೂಲೆಯಲ್ಲಿ ಒಂದು ಸಣ್ಣ ಮಡಿ, ಉಳಿದವುಗಳ ಕಾಲು ಭಾಗವೂ ಇಲ್ಲ, ಅದರಲ್ಲಿ ಏನೂ ಹಾಕಲಿಲ್ಲ. ಮಣ್ಣು ಸಾಲಲಿಲ್ಲೇನು, ತೊಟ್ಟಿಲಷ್ಟ ಮಾಡಿಯಲ್ಲ ಅಂತ ಚೇಷ್ಟೆ ಮಾಡಿದೆ. ಅವಳು ಅಂಗೈಯಿಂದ ಅದರ ಮಣ್ಣನ್ನು ಮೆಲ್ಲಗೆ ತಟ್ಟುತ್ತ ಕೂತಳು. ತೊಟ್ಟಿಲಷ್ಟು ಅಂತ ನನ್ನ ಬಾಯಲ್ಲೇ ಬಂತು, ನನಗೇ ಕೇಳಿಸಲಿಲ್ಲ.

ಇವತ್ತು ಬೆಳಿಗ್ಗೆ ಗೌರವ್ವ ಗೋಡೆಯ ಮೇಲಿಂದ ಇಣುಕಿ ನೋಡಿ ಅಯ್ಯ ಬೀರೇಶಪ್ಪಾ ಹಸೀದ ಹಾಕೀಯಲ್ಲೋ ಅಂದಮೇಲೆ ಶಹಾಪುರದ ಸಂತೆಗೆ ಓಡಿದೆ, ಹೊಸ ಸಸಿ ತಂದೆ, ಅವಳು ಬರುವುದರೊಳಗೆ ಕಿತ್ತು ಇವನ್ನು ನೆಟ್ಟುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ — ಅವಳಿಗೆ ಗೊತ್ತಾಗುತ್ತದೆ, ಒಂದೊಂದನ್ನೂ ಬಲ್ಲಳು, ಆದರೂ. ಹಿಕ್ಕಿಯನ್ನು ಕೆರೆದು ತೆಗೆದೆ, ಎಲ್ಲಿ ಸುರಿಯುವುದು, ದಾರಿಯಲ್ಲಿ ಗುಡ್ಡೆ ಹಾಕಿದೆ, ಸಸಿಗಳನ್ನು ಮೊದಲು ತಂಪಿನಲ್ಲಿಡಬೇಕು, ಖಾಲಿ ಮಡಿ ಅದೊಂದೇ, ಮೂಲೆಯದು, ಅದರ ಮಣ್ಣಿಗೆ ಹಿಕ್ಕಿ ಬಿದ್ದಿರಲಿಲ್ಲ, ಅಲ್ಲೇ ಸದ್ಯಕ್ಕೆ ಊರೋಣ ಅಂತ ಕೂತೆ. ಒಂದು ಕೆಂಪು ಎಳೆ ಮೇಲೆ ಕಾಣಿಸಿತು, ಮಗ್ಗದ ನೂಲು ಅಂದುಕೊಂಡೆ, ಎಳೆದೆ, ಬರಲಿಲ್ಲ, ಜೋರಾಗಿ ಎಳೆದೆ. ನೂಲಲ್ಲ, ಲಾಡಿ. ಲಾಡಿಯ ಹಿಂದೆ ಖಣದ ಬಟ್ಟೆ, ಖಣದ ಹಿಂದೆ ಇಡೀ ಕುಂಚಿಗೆ, ಕೂಸಿನ ತಲೆಯಿಂದ ಬೆನ್ನಿನ ತನಕ ಮುಚ್ಚಿ ಗಲ್ಲದ ಕೆಳಗೆ ಕಟ್ಟುವ ಕುಂಚಿಗೆ, ಅತ್ತೆ ಸಾವಂತ್ರವ್ವ ಏಳನೆಯ ತಿಂಗಳಲ್ಲಿ ಹೊಲಿದು ತಂದದ್ದು, ಅವಳು ಅದನ್ನು ಯಾರಿಗೋ ಕೊಟ್ಟಿರಬೇಕು ಅಂದುಕೊಂಡಿದ್ದೆ. ಎತ್ತಿದ ಜಾಗದಲ್ಲಿ ಮಣ್ಣು ಕುಂಚಿಗೆಯ ಆಕಾರದಲ್ಲೇ ತಗ್ಗಾಗಿ ನಿಂತಿತ್ತು, ಫೌಂಡ್ರಿಯಲ್ಲಿ ಮರಳಿನಿಂದ ಅಚ್ಚು ಎತ್ತಿದ ಹಾಗೆ, ದಿನವಿಡೀ ನಾನು ಮಾಡುವುದು ಅದೇ ಕೆಲಸ. ಮತ್ತೆ ಇಟ್ಟೆ. ತಲೆ ಯಾವ ಕಡೆ ಇತ್ತು, ಗೋಡೆಯ ಕಡೆಯೋ ಬಾಗಿಲ ಕಡೆಯೋ, ಒಮ್ಮೆ ಹೀಗಿಟ್ಟೆ, ಒಮ್ಮೆ ಹಾಗಿಟ್ಟೆ, ಅಲ್ಲಿಯೂ ಗೊತ್ತಾಗಲಿಲ್ಲ, ಇಲ್ಲಿಯೂ ಗೊತ್ತಾಗುವುದಿಲ್ಲ, ಎಂಥ ಅಪ್ಪ ನಾನು. ಮಣ್ಣು ಎಳೆದೆ. ಲಾಡಿ ಮಾತ್ರ ಒಳಗೆ ಹೋಗದು, ಒತ್ತಿದರೆ ಈಚೆ, ಬಿಟ್ಟರೆ ಈಚೆ, ಮಣ್ಣಿನ ಮೇಲೆ ಕೆಂಪು ಲಾಡಿ.

ಅದಕ್ಕೇ ಕೊಡ ಹಿಡಿದು ನಿಂತಿದ್ದೇನೆ, ನೀರು ಹಾಕಿದರೆ ಲಾಡಿ ಕುಳಿತೀತು, ಕುಂಚಿಗೆ ಒದ್ದೆಯಾದೀತು, ಅವತ್ತೂ ಮಳೆ, ಬೇಡ, ನೀರು ಬೇಡ — ಬಾಗಿಲ ಸಪ್ಪಳ. ಚೀಲ ಇಟ್ಟ ಸಪ್ಪಳ. ಬಸ್ಸು ಇವತ್ತೇ ಹೇಳಿದ ಹೊತ್ತಿಗೆ ಬರಬೇಕಿತ್ತೇ. ಪ್ರಮಿಳಾ ಹಿತ್ತಲ ಬಾಗಿಲಲ್ಲಿ ನಿಂತಿದ್ದಾಳೆ, ಬದನೆ ನೋಡಿದಳು, ಮೆಣಸು ನೋಡಿದಳು, ಬೈಯಲಿ, ಬೈದುಬಿಡಲಿ, ಮಾತು ಬಿಡದಿರಲಿ, ಇನ್ನೊಂದು ಸಲ ಆ ಮಾತಿಲ್ಲದ ಮನೆಯಲ್ಲಿ ನಾನು ಇರಲಾರೆ. ಮೂಲೆ ನೋಡಿದಳು. ಬಂದು ಕೂತಳು. ಎತ್ತಿದ್ರೇನು. ಹೂಂ ಅಂದೆ. ಮಗ್ಗದ ನೂಲ ಅಂತ ತಿಳದೆ, ಅಂದೆ. ತಲೆ ಯಾ ಕಡೆ ಇತ್ತೋ ಗೊತ್ತಾಗಲಿಲ್ಲ ಅಂತ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಅವಳು ದಾರಿಯಲ್ಲಿದ್ದ ಗುಡ್ಡೆಯ ಕಡೆ ಕೈ ಚಾಚಿದಳು, ಇದ ಯಾ ಗೊಬ್ಬರರೀ. ಕುರೀದು. ಎಲ್ಲೀದು. ಅಣ್ಣ ಕೊಟ್ಟ. ಎಲ್ಲೀದು ಅಂತ ಕೇಳಿದೆ. ಆಗ ನನಗೆ ಹೊಳೆಯಿತು, ಈ ಎಂಟು ದಿನ ಹೊಳೆಯದ್ದು, ಅಣ್ಣ ಈ ಸಲ ಕುರಿ ನಿಲ್ಲಿಸಿದ್ದು ಬೇರೆಯವರ ಹೊಲದಲ್ಲಲ್ಲ, ತನ್ನದರಲ್ಲೇ, ಕೂಸನ್ನಿಟ್ಟ ಆ ಇಡೀ ಹೊಲದ ತುಂಬ, ಈ ಬದುವಿನಿಂದ ಆ ಬದುವಿನವರೆಗೆ ಗುಡಿಸಿ ಚೀಲ ತುಂಬಿಕೊಟ್ಟಿದ್ದ. ಆ ಹೊಲದ್ದು, ಅಂದೆ. ಅವಳ ಕೈ ಗುಡ್ಡೆಯ ಮೇಲೇ ನಿಂತಿತು. ಮಣ್ಣೂ ಬಂದೈತೇನ್ರಿ ಇದರಾಗ. ಅರ್ಧ ಮಣ್ಣ ಐತಿ, ಪ್ರಮಿಳಾ.

ಎರಡೂ ಕೈ ಸೇರಿಸಿ ಬೊಗಸೆ ತುಂಬಿಕೊಂಡಳು, ಹಿಕ್ಕಿ ಆರಿಸಲಿಲ್ಲ, ಜರಡಿ ಹಿಡಿಯಲಿಲ್ಲ, ಮೂಲೆಯ ಮಡಿಯ ಮೇಲೆ ಸುರಿದಳು, ಮತ್ತೊಂದು ಬೊಗಸೆ, ಅಲ್ಲಿ ಸುಡಲು ಸಸಿ ಯಾವುದೂ ಇಲ್ಲ, ಸುರಿಯಲಿ, ನಾನೂ ಕೊಡ ಇಟ್ಟು ಕೂತೆ, ನಾನೂ ಸುರಿದೆ, ಅಂಗೈಯಿಂದ ತಟ್ಟುತ್ತಿದ್ದಾಳೆ, ನಾನೂ ತಟ್ಟಲೋ ಬೇಡವೋ, ಬದನೆ ಹೋಯಿತು, ಹೋಗಲಿ, ಅಳುತ್ತಿದ್ದಾಳೆ, ಮಳೆಗಾಲದಿಂದ ಅತ್ತಿರಲಿಲ್ಲ, ಲಾಡಿಯೊಂದು ಮುಚ್ಚಿಲ್ಲ, ಮುಚ್ಚಲು ಕೈ ಚಾಚಿದೆ, ಇರಲಿ ಬಿಡ್ರಿ ಅಂದಳು, ಎಲ್ಲಿ ಅಂತ ಗೊತ್ತಿರಲಿ, ಅಂದಳು — ಮಣ್ಣಿನ ಮೇಲೆ ಕೆಂಪು ಲಾಡಿ, ಒಂದು ಬೆರಳಷ್ಟು, ಕೆಂಪು ಲಾಡಿ.