ದಪ್ಪ ನಾರು

ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅಂತಾರಲ್ಲ, ಅದು ನಾರಿನ ಬೆಲೆ ಗೊತ್ತಿಲ್ಲದವರ ಮಾತು. ನಾರಿಲ್ಲದಿದ್ದರೆ ಹೂವು ಬುಟ್ಟಿಯಲ್ಲೇ ಬಾಡಬೇಕು.

ಶ್ರೀರಂಗಂನಲ್ಲಿ ನಾನು ಹಾರ ಕಟ್ಟುತ್ತೇನೆ. ನಾರು ತೆಗೆಯುವುದು ನಮ್ಮ ಯಜಮಾನರು. ಗೊನೆ ಕಡಿದ ಮೇಲೆ ತೋಟದವರು ಬದುವಿಗೆ ಎಸೆದ ಬಾಳೆಕಂಬ ಹೊತ್ತು ತಂದು, ಪಟ್ಟೆ ಬಿಡಿಸಿ, ತಿರುಳು ಹೆರೆದು, ಕೂದಲೆಳೆಯಂಥ ನಾರು ತೆಗೆಯುತ್ತಿದ್ದರು. ಮದುವೆಯಾದಾಗಿನಿಂದ ನಾನು ಬೇರೆಯವರ ನಾರು ಮುಟ್ಟಿದವಳಲ್ಲ.

ಈ ವರ್ಷ ಅವರ ನಾರು ದಪ್ಪವಾಗತೊಡಗಿತು. ಕಣ್ಣು ಮಂಜಾಗಿದೆ, ಪಾಪ, ಅಂದುಕೊಂಡೆ. ಕೆಲಸದಲ್ಲಿ ಕೊಂಕು ತೆಗೆದರೆ ಊಟ ಬಿಡುವ ಜೀವ ಅದು, ಹೇಳಲು ಬಾಯಿ ಬರಲಿಲ್ಲ. ಅವರು ಟೀ ಕುಡಿಯಲು ಹೋದಾಗ ಎಳೆ ಎಳೆಯನ್ನೂ ಉಗುರಿನಿಂದ ಸೀಳಿ ತೆಳ್ಳಗೆ ಮಾಡಿಕೊಳ್ಳುತ್ತಿದ್ದೆ.

ಆದರೂ ಹಾರ ಸಡಿಲವಾಗಿ ಹೂವು ಉದುರತೊಡಗಿತು. ಹೂವಿನಂಗಡಿಯ ತಂಗರಾಸು ಬಾಗಿಲಲ್ಲೇ ನಿಂತು ಹೇಳಿಬಿಟ್ಟ: "ವಡಿವಕ್ಕಾ, ಈ ಮದುವೆ ಹಾರಾನೂ ಉದುರಿದ್ರೆ ಇನ್ಮೇಲೆ ನಿಮ್ಗೆ ಕೆಲ್ಸ ಇಲ್ಲ. ನೈಲಾನ್ ದಾರದೋರು ಕಾಯ್ಕೊಂಡು ಕೂತಿದಾರೆ."

ನನ್ನ ಕೆಲಸ ಹಾಳಾಗಿಹೋಗಲಿ. ನಾರೇ ಬೇಡವೆಂದರೆ ಈ ಮುದುಕ ಬೆಳಗೆದ್ದು ಯಾವ ಆಸೆಗೆ ತೋಟಕ್ಕೆ ಹೋದಾನು?

ಮಧ್ಯಾಹ್ನ ಸುಗಂಧರಾಜದ ರಾಶಿ ಮುಂದಿಟ್ಟುಕೊಂಡು ಕದ್ದು ನಾರು ಸೀಳುತ್ತಿದ್ದೆ. ಟವಲ್ ಮರೆತವರು ಅದೇ ಹೊತ್ತಿಗೆ ವಾಪಸು ಬಂದರು.

"ಏನೇ ಅದು?"

ಸಿಕ್ಕಿಬಿದ್ದರೆ ನನಗೆ ಬರುವುದು ಕೋಪವೇ. "ಇನ್ನೇನು! ಕಣ್ಣು ಕಾಣ್ದೆ ಎತ್ತು ಕಟ್ಟೋ ಹಗ್ಗ ತಂದ್ಕೊಟ್ಟು ಹಾರ ಕಟ್ಟು ಅಂತೀರ!"

"ಯಾರಿಗೇ ಕಣ್ಣು ಕಾಣ್ದೇ ಇರೋದು? ನಿನ್ನ ಎಡಗಿವಿ ಓಲೆ ತಿರುಪು ಸಡಿಲವಾಗಿ ಜೋಲಾಡ್ತಿರೋದು ಬೀದಿಯಿಂದ್ಲೇ ಕಾಣ್ತಿದೆ."

ಆಮೇಲೆ ನಾನು ಸೀಳಿದ ಎಳೆಗಳನ್ನು ನೋಡಿ ನೆಲಕ್ಕೇ ಕೂತುಬಿಟ್ಟರು. "ಅಯ್ಯೋ ಹುಚ್ಚಿ! ಸಕ್ಕರೆ ಕಾಯಿಲೆ ಬಂದಾಗಿಂದ ನಿನ್ನ ಬೆರಳ ತುದಿ ಜೋಮು. ತೆಳ್ಳನೆ ನಾರು ಜಾರಿದ್ದು ನಿಂಗೇ ತಿಳೀತಿರ್ಲಿಲ್ಲ. ಹಿಡಿತ ಸಿಗ್ಲಿ ಅಂತ ಬೇಕಂತ್ಲೇ ದಪ್ಪ ತೆಗೀತಿದ್ದೆ ಕಣೇ."

"ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಮ್ಗೆ?"

"ನಿನ್ನ ಗಂಟು ಸಡಿಲ ಅಂತ ಹೇಳಿ ನಾನು ಈ ಮನೇಲಿ ಬದುಕೋದುಂಟಾ?"

ಅದೇನೋ ನಿಜವೇ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಸೀಳಿದ್ದನ್ನೆಲ್ಲ ಆಚೆ ತಳ್ಳಿ, ಅವರ ದಪ್ಪ ನಾರಿಗೆ ನೀರು ಚಿಮುಕಿಸಿ ಕಟ್ಟಲು ಕೂತೆ. ಎಷ್ಟೋ ದಿನದ ಮೇಲೆ ಗಂಟು ಬೆರಳಿಗೆ ಸಿಕ್ಕಿತು.

ಸಂಜೆ ತಂಗರಾಸು ಬಂದು ಹಾರ ಎತ್ತಿ ಜೋರಾಗಿ ಕೊಡವಿದ. ಒಂದು ಹೂವೂ ಬೀಳಲಿಲ್ಲ. "ಇದಪ್ಪಾ ಅಕ್ಕನ ಕೈ!" ಎಂದು ಹೊತ್ತುಕೊಂಡು ಹೋದ.

ನಾನು ಓಲೆ ಸರಿಮಾಡಿಕೊಳ್ಳಲು ಕಿವಿಗೆ ಕೈ ಹಾಕಿದೆ. ಎಷ್ಟು ತಡಕಿದರೂ ತಿರುಪು ಬೆರಳಿಗೆ ಸಿಗಲಿಲ್ಲ.

"ಇರು," ಎಂದು ಅವರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಹತ್ತಿರ ಬಂದು ಕೂತರು. ನಿಧಾನವಾಗಿ ತಿರುಗಿಸಿದರು.

"ಬಿಗಿಯಾಯ್ತಾ?"

"ಇನ್ನೊಂದು ಸುತ್ತು," ಎಂದೆ.