ಕರುವಿನ ಹೆಪ್ಪು

"ಇವತ್ತು ನಾನೇ ಹಾಕ್ತೀನಿ," ಎಂದು ಮಗಳು ಹೆಪ್ಪಿನ ಶೀಶೆಯನ್ನು ಕೈಗೆತ್ತಿಕೊಂಡಾಗ ತಾಯಿ ಅದನ್ನು ಕಸಿದುಕೊಳ್ಳಲು ಕೈ ಚಾಚಿ, ಹಿಂದಕ್ಕೆಳೆದುಕೊಂಡಳು. ದೊಡ್ಡ ಪಾತ್ರೆಯಲ್ಲಿ ಹಾಲು ಹದವಾಗಿ ಬೆಚ್ಚಗಾಗಿತ್ತು. ಅದು ಚೀಸ್ ಆಗಬೇಕಾದರೆ ಹೆಪ್ಪು ಈಗಲೇ ಬೀಳಬೇಕು.

ಮಾಂಸ ಬಿಟ್ಟಾಗಿನಿಂದ ಮಗಳ ನಾಲಿಗೆಗೆ ಬಿಡುವಿರಲಿಲ್ಲ. ಊಟಕ್ಕೆ ಕೂತರೆ ಅಪ್ಪನ ತಟ್ಟೆ ನೋಡಿ ನಿಟ್ಟುಸಿರು ಬಿಡುವಳು, ಕೋಳಿಗೂ ಅಮ್ಮ ಇರುತ್ತಾಳೆಂದು ನೆನಪಿಸುವಳು. ಅಪ್ಪ ಪಾಪ, ಮೂಳೆ ಚೀಪುವುದನ್ನು ಹಿತ್ತಲಿಗೆ ವರ್ಗಾಯಿಸಿಕೊಂಡಿದ್ದ. ಇವಳ ಹೊಟ್ಟೆ ತುಂಬುತ್ತಿದ್ದದ್ದು ಬ್ರೆಡ್ಡು ಮತ್ತು ಅಮ್ಮನ ಚೀಸಿನಿಂದ. ಅಷ್ಟಾದರೂ ತಿನ್ನಲಿ ಎಂದು ತಾಯಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

"ಇದರಲ್ಲಿ ಏನಮ್ಮಾ ಇರೋದು?"

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಮಗಳು ಹಾಗೆ ನಂಬಿ ನೋಡುತ್ತಿರುವಾಗ ಹೊರಬರಲಿಲ್ಲ.

"ಕರುವಿನ ಹೊಟ್ಟೆಯಿಂದ ತೆಗೆಯೋದು. ಅದು ಕುಡಿದ ಹಾಲು ಹೊಟ್ಟೇಲಿ ಗಟ್ಟಿಯಾಗೋದು ಇದರಿಂದಲೇ."

"ಕರು ತಾನಾಗಿ ಕೊಡುತ್ತಾ?"

"ಇಲ್ಲ ಕಣೇ. ಕಡಿದ ಮೇಲೆ ತೆಗೀತಾರೆ."

ಮಗಳು ಶೀಶೆಯನ್ನು ನಿದ್ದೆಹೋದ ಕೂಸನ್ನು ಮಲಗಿಸುವಂತೆ ಮೇಜಿನ ಮೇಲಿಟ್ಟಳು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅಪ್ಪನಿಗೆ ಖುಷಿ ತಡೆಯಲಾಗಲಿಲ್ಲ. "ಹಾಗಾದ್ರೆ ಇಷ್ಟು ದಿನ ನೀನೂ ನಮ್ಮ ಗುಂಪೇ ಅನ್ನು. ನಾನು ಸುಮ್ಮನೆ ಹಿತ್ತಲು ಸೇರಿದೆ." ಹೆಂಡತಿ ನೋಡಿದ ನೋಟಕ್ಕೆ ಮತ್ತೆ ಹಿತ್ತಲಿಗೇ ಹೋದ.

ಮಗಳು ಅಳಲಿಲ್ಲ, ಉಪನ್ಯಾಸವನ್ನೂ ಕೊಡಲಿಲ್ಲ. ಅದಕ್ಕೇ ತಾಯಿಗೆ ಹೆದರಿಕೆಯಾಯಿತು. ಇನ್ನು ಚೀಸೂ ಬಿಟ್ಟರೆ ಒಣ ಬ್ರೆಡ್ಡೇ ಗತಿ. ಅಮ್ಮನನ್ನು ನಂಬುವುದನ್ನೂ ಬಿಟ್ಟರೆ?

ಕಪಾಟಿನ ಮೂಲೆಯಿಂದ ಇನ್ನೊಂದು ಶೀಶೆ ಹೊರಬಂತು. ಹೆಪ್ಪು ಮಾರುವವನು ಮಾದರಿಗೆಂದು ಕೊಟ್ಟುಹೋದದ್ದು. ಬೂಷ್ಟಿನಿಂದ ತಯಾರಾದ ಹೆಪ್ಪು, ಪ್ರಾಣಿಯದ್ದೇನೂ ಇದರಲ್ಲಿಲ್ಲ. ಇದಕ್ಕೆ ಹಾಲು ಗಟ್ಟಿಯಾದ ಹಾಗೇ ಎಂದು ತಾಯಿ ಅವನೆದುರೇ ಮೂಗು ಮುರಿದಿದ್ದಳು. ಈಗ ಚಮಚದಲ್ಲಿ ಅಳೆದು ಮಗಳ ಕೈಗೆ ಕೊಟ್ಟಳು.

"ಅಷ್ಟೂ ಹಾಲು ಕೆಟ್ಟುಹೋದ್ರೆ?"

"ಕೆಟ್ರೆ ನಿಮ್ಮಪ್ಪ ಕುಡೀತಾರೆ. ಹಾಕು."

ಹೆಪ್ಪು ಹಿಡಿಯಿತೋ ಇಲ್ಲವೋ ತಿಳಿಯಲು ತಾಯಿ ಎಂದಿನಂತೆ ಹಾಲಿನ ಮೇಲೆ ಸಣ್ಣ ಬಟ್ಟಲೊಂದನ್ನು ತೇಲಿಬಿಟ್ಟಳು. ಹಾಲು ತೆಳ್ಳಗಿರುವಷ್ಟು ಹೊತ್ತು ಬೆರಳು ತಾಗಿಸಿದರೆ ಅದು ಗಿರಗಿರ ತಿರುಗುತ್ತದೆ. ಹಿಡಿದ ಮೇಲೆ ತಿರುಗುವುದಿಲ್ಲ. ಮಗಳು ತಾಗಿಸಿದಳು. ತಿರುಗಿತು. ಸ್ವಲ್ಪ ಹೊತ್ತು ಬಿಟ್ಟು ತಾಯಿ ತಾಗಿಸಿದಳು. ಆಗಲೂ ತಿರುಗಿತು. ಅಪ್ಪ ಕಿಟಕಿಯಲ್ಲಿ ಇಣುಕಿ, ದೊಡ್ಡ ಲೋಟ ತೊಳೆದಿಡಲೇ ಎಂದು ಕೇಳಿದ.

ಮಗಳು ಮತ್ತೆ ಬೆರಳು ತಾಗಿಸಿದಳು. ಬಟ್ಟಲು ಅರ್ಧ ಸುತ್ತು ಹೋಗಿ, ಏನೋ ಮರೆತವರಂತೆ ನಿಧಾನಿಸಿ, ಅಲ್ಲೇ ನಿಂತುಕೊಂಡಿತು. ಇನ್ನೊಮ್ಮೆ ಅಲುಗಿಸಿ ನೋಡಲು ಇಬ್ಬರಿಗೂ ಧೈರ್ಯವಾಗಲಿಲ್ಲ. ಪಾತ್ರೆಯ ಮೇಲೆ ಬಾಗಿ, ಭುಜಕ್ಕೆ ಭುಜ ತಾಗಿಸಿ ನಿಂತೇ ಇದ್ದರು.